ಎಸ್‌ಎಸ್‌ಎಲ್‌ಸಿ ಕನ್ನಡ: ವಾಟ್ಸಾಪ್‌ನಲ್ಲಿ ಬಂದ ಪ್ರಬಂಧಗಳನ್ನು ಬಾಯಿಪಾಠ ಮಾಡಿಸಬೇಕಾ?

ಹೇಮಾವತಿ_ದಂಡೆ
ಮಗಳು ಈ ವರ್ಷ ಹತ್ತನೇ ಕ್ಲಾಸು. ಪ್ರಥಮ ಭಾಷೆ ಕನ್ನಡ. ಅವಳ ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ ಒಂದು ಪಿಡಿಎಫ್ ಬಂದಿದೆ. ಪರಿಸರ ಮಾಲಿನ್ಯ, ಸ್ವಚ್ಛ ಭಾರತ, ಗ್ರಂಥಾಲಯದ ಮಹತ್ವ, ರಾಷ್ಟ್ರೀಯ ಹಬ್ಬಗಳು, ಸಾಮಾಜಿಕ ಪಿಡುಗುಗಳು, ದಿನಪತ್ರಿಕೆ, ಮೊಬೈಲು. ಎಲ್ಲದಕ್ಕೂ ರೆಡಿ ಪ್ರಬಂಧ. "ಇಷ್ಟು ಉರು ಹೊಡೀರಿ, ಒಂದಾದರೂ ಬಂದೇ ಬರುತ್ತೆ" ಅಂದಿದ್ದಾರಂತೆ.

ನನ್ನ ತಕರಾರು ಇಷ್ಟೇ. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಗ್ರಂಥಾಲಯ ಬಂದಿತ್ತು. ಇವಳು ಸ್ವಂತವಾಗಿ ಬರೆದಳು. ನಮ್ಮೂರ ಪಂಚಾಯಿತಿ ಗ್ರಂಥಾಲಯದ ಬಾಗಿಲು ಯಾವಾಗ ತೆಗೀತಾರೆ ಅಂತ ಯಾರಿಗೂ ಗೊತ್ತಿಲ್ಲ, ತೆಗೆದ ದಿನ ಪೇಪರ್ ಓದೋ ಅಜ್ಜಂದಿರು ಕುರ್ಚಿ ಬಿಡಲ್ಲ, ಮಕ್ಕಳ ಪುಸ್ತಕಗಳನ್ನು ಬೀರುವಿನ ಮೇಲ್ಗಡೆ ಇಟ್ಟಿದ್ದಾರೆ, ಮಕ್ಕಳ ಕೈಗೇ ಎಟುಕಲ್ಲ. ಹೀಗೆಲ್ಲ ಬರೆದಿದ್ದಳು. ಓದಿ ನಾನು ನಕ್ಕುಬಿಟ್ಟೆ. ಬಂದಿದ್ದು ಅರ್ಧದಷ್ಟೇ ಅಂಕ. ಪಕ್ಕದಲ್ಲಿ ಕೆಂಪು ಇಂಕಿನಲ್ಲಿ "ಪೀಠಿಕೆ ಇಲ್ಲ, ಉಪಸಂಹಾರ ಇಲ್ಲ". ಪಿಡಿಎಫ್ ನೋಡಿ ಬಾಯಿಪಾಠ ಮಾಡಿದ ಗೆಳತಿಗೆ ಪೂರ್ತಿ ಅಂಕ. ಈಗ ಇವಳೂ ಪಿಡಿಎಫ್ ಹಿಡಿದು ಕೂತಿದ್ದಾಳೆ. ತಡೆಯಲಾ, ಬಿಡಲಾ?

ಕ್ಯಾತಸಂದ್ರ_ತಟ್ಟೆಇಡ್ಲಿ
ಬಿಡಿ ಮೇಡಂ, ಮಾಡಲಿ. ನಾಲ್ಕೈದು ಅಂಕದ ಪ್ರಶ್ನೆಗೆ ಇಷ್ಟು ತಲೆ ಕೆಡಿಸಿಕೊಂಡರೆ ಗಣಿತಕ್ಕೆ ಏನು ಮಾಡ್ತೀರಿ?

ಬೆಳವಲದ_ಹುಡುಗ
ನಾಲ್ಕೈದು ಅಂತ ಹಗುರಾಗಿ ಹೇಳಬ್ಯಾಡ್ರಿ. ಪ್ರಬಂಧ, ಪತ್ರ, ಗಾದೆ ವಿಸ್ತರಣೆ ಮೂರೂ ಕೂಡಿಸಿ ನೋಡ್ರಿ, ಹತ್ತು ದಾಟತೈತಿ. ಮೂರನ್ನೂ ಜನ ಬಾಯಿಪಾಠಾನೇ ಮಾಡ್ತಾರ. ಕನ್ನಡದಾಗ 125ಕ್ಕೆ 125 ಬೇಕು ಅನ್ನೋ ಮಂದಿ ಕಾದಾಡೋದು ಇಲ್ಲೇ.

ಹಳೇ_ಮೇಷ್ಟ್ರು
ನಾನು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತನಾದವನು. ಮೌಲ್ಯಮಾಪನಕ್ಕೆ ಸುಮಾರು ವರ್ಷ ಹೋಗಿದ್ದೇನೆ. ಅಲ್ಲಿ ಏನಾಗುತ್ತದೆ ಅಂತ ಹೇಳುತ್ತೇನೆ, ಆಮೇಲೆ ನೀವೇ ತೀರ್ಮಾನ ಮಾಡಿ.

ಒಂದು ಬಂಡಲ್ ಬಿಚ್ಚಿದೆ. ಮೊದಲ ಉತ್ತರ ಪತ್ರಿಕೆಯಲ್ಲಿ "ಗೃಂಥಾಲಯ" ಅಂತ ಇತ್ತು. ಮಗು ತಪ್ಪು ಬರೆದಿದೆ ಅಂದುಕೊಂಡೆ. ಎರಡನೆಯದರಲ್ಲೂ ಗೃಂಥಾಲಯ. ಮೂರನೆಯದರಲ್ಲೂ ಅದೇ. ಬಂಡಲ್ ಮುಗಿಯುವ ತನಕ ಗೃಂಥಾಲಯವೇ. ಎಲ್ಲರೂ "ದೇಶ ಸುತ್ತು, ಕೋಶ ಓದು" ಅಂತಲೇ ಶುರು ಮಾಡಿದ್ದರು, ಎಲ್ಲರೂ ಒಂದೇ ವಾಕ್ಯದಲ್ಲಿ ಮುಗಿಸಿದ್ದರು. ತಪ್ಪು ಮಕ್ಕಳದ್ದಲ್ಲ, ಆ ಪ್ರಬಂಧ ಟೈಪ್ ಮಾಡಿದ ಪುಣ್ಯಾತ್ಮರದ್ದು.

ಈಗ ಅಂಕ ಎಷ್ಟು ಕೊಡಬೇಕು? ನಮ್ಮ ಕೈಗೆ ಕೊಟ್ಟ ಮಾದರಿ ಉತ್ತರದಲ್ಲಿ ಪೀಠಿಕೆಗೆ ಇಷ್ಟು, ವಿಷಯ ನಿರೂಪಣೆಗೆ ಇಷ್ಟು, ಮುಕ್ತಾಯಕ್ಕೆ ಇಷ್ಟು ಅಂತ ಇರುತ್ತದೆ. ಸ್ವಂತದ್ದೋ ಎರವಲೋ ಅಂತ ಕೇಳುವ ಸಾಲು ಅದರಲ್ಲಿ ಇರುವುದಿಲ್ಲ. ಎಲ್ಲ ಭಾಗವೂ ಇದ್ದರೆ ಅಂಕ ಕೊಡಲೇಬೇಕು. ಕಡಿಮೆ ಕೊಟ್ಟರೆ ಸ್ಕ್ಯಾನ್ ಪ್ರತಿ ತರಿಸಿಕೊಂಡು ಮರುಮೌಲ್ಯಮಾಪನಕ್ಕೆ ಹಾಕುತ್ತಾರೆ. ಆಗ ಉತ್ತರ ಹೇಳಬೇಕಾದವನು ನಾನು.

ಆದರೆ ಒಂದು ಮಾತು. ಅಷ್ಟೂ ಗೃಂಥಾಲಯಗಳ ನಡುವೆ ನಿಮ್ಮ ಮಗಳ ಪತ್ರಿಕೆ ಸಿಕ್ಕಿದ್ದರೆ ಪಕ್ಕದ ಟೇಬಲ್ಲಿನವರಿಗೂ ಓದಿ ಹೇಳುತ್ತಿದ್ದೆ.

ಪುಟಾಣಿ_ಗಾಡಿ
ಓದಿ ಹೇಳ್ತಿದ್ರಿ ಸರಿ. ಅಂಕ ಎಷ್ಟು ಕೊಡ್ತಿದ್ರಿ ಸರ್?

ಹಳೇ_ಮೇಷ್ಟ್ರು
ಪೀಠಿಕೆ ಇಲ್ಲ ಅಂದರೆ ಪೀಠಿಕೆಯ ಅಂಕ ಹೋಗುತ್ತದೆ. ವಿಷಯಕ್ಕೆ ಪೂರ್ತಿ ಕೊಡುತ್ತಿದ್ದೆ.

ಪುಟಾಣಿ_ಗಾಡಿ
ಅಂದರೆ ಗೃಂಥಾಲಯವೇ ಗೆಲ್ಲೋದು. ಅಷ್ಟೇ ಅಲ್ವಾ.

ಮಾವಿನಕೆರೆ_ಟೀಚರ್
ನಾನು ಈಗಲೂ ಸರ್ವಿಸ್‌ನಲ್ಲಿದ್ದೇನೆ. ಎಲ್ಲರೂ ಟೀಚರನ್ನೇ ಬೈಯುವ ಮುಂಚೆ ನಮ್ಮ ಕಡೆಯದ್ದೂ ಸ್ವಲ್ಪ ಕೇಳಿ.

ಡಿಸೆಂಬರ್ ಬಂದರೆ "ಪಾಸಿಂಗ್ ಪ್ಯಾಕೇಜ್" ಶುರು. ನಿಧಾನ ಕಲಿಕೆಯ ಮಕ್ಕಳ ಪಟ್ಟಿ ಮಾಡಬೇಕು, ಅವರನ್ನು ಶಿಕ್ಷಕರು ದತ್ತು ತಗೋಬೇಕು, ಬೆಳಗ್ಗೆ ಫೋನ್ ಮಾಡಿ ಎಬ್ಬಿಸಬೇಕು, ಸಂಜೆ ವಿಶೇಷ ತರಗತಿ. ಫಲಿತಾಂಶ ಇಳಿದರೆ ಮೇಲಿನವರು ಕೇಳುವುದು ಒಂದೇ: ಯಾಕೆ ಇಳಿಯಿತು? ಮಗು ಸ್ವಂತ ನಾಲ್ಕು ಸಾಲು ಬರೆಯಲು ಕಲಿತಿದೆ ಅಂತ ಹೇಳಿದರೆ ಯಾರೂ ಕೇಳಿಸಿಕೊಳ್ಳುವುದಿಲ್ಲ. ಎಂಟನೇ ಕ್ಲಾಸಿಗೆ ಬರುವಾಗಲೇ ಒತ್ತಕ್ಷರ ಬರದ ಮಕ್ಕಳಿರುತ್ತಾರೆ. ಅವರಿಗೆ ಎರಡು ಪತ್ರ, ನಾಲ್ಕು ಪ್ರಬಂಧ, ಕಂಠಪಾಠದ ಪದ್ಯ, ಕವಿ ಪರಿಚಯ. ಇಷ್ಟು ಗಟ್ಟಿ ಮಾಡಿಸಿದರೆ ದಡ ಸೇರುತ್ತಾರೆ. ನಾನು ಮಾಡಿಸುತ್ತೇನೆ, ಮುಂದೆಯೂ ಮಾಡಿಸುತ್ತೇನೆ.

ಚೆನ್ನಾಗಿ ಬರೆಯುವ ಮಗುವಿಗೂ ಅದೇ ಪಿಡಿಎಫ್ ಕೊಡುವುದು ಮಾತ್ರ ಸೋಮಾರಿತನ. ಅದನ್ನು ಒಪ್ಪುತ್ತೇನೆ.

ಕಾಪು_ಕಡಲು
ಮಾರಾಯ್ರೆ, ಪರೀಕ್ಷೆಯಲ್ಲೇ ಕಂಠಪಾಠದ ಪದ್ಯ ಅಂತ ಒಂದು ಪ್ರಶ್ನೆ ಉಂಟು. ಪದ್ಯ ಬಾಯಿಪಾಠ ಮಾಡಿದರೆ ಒಳ್ಳೆ ಮಗು, ಪ್ರಬಂಧ ಬಾಯಿಪಾಠ ಮಾಡಿದರೆ ಕಳ್ಳನಾ?

ಸಕ್ಕರೆಬೈಲು
ಎರಡೂ ಒಂದೇ ಹೇಗಾಗುತ್ತೆ? ಪದ್ಯದಲ್ಲಿ ಕವಿಯ ಸಾಲನ್ನೇ ಕೇಳಿರುತ್ತಾರೆ. ಪ್ರಬಂಧದಲ್ಲಿ ನಿನ್ನ ಸಾಲು ಕೇಳಿರುತ್ತಾರೆ.

ಕಾಪು_ಕಡಲು
ನನ್ನ ಸಾಲು ಕೇಳಿದವರು ಪೀಠಿಕೆ ಇಲ್ಲ ಅಂತ ಅಂಕ ಕಟ್ ಮಾಡ್ತಾರಾ? ಅವರಿಗೆ ಬೇಕಾದ್ದು ಫಾರ್ಮು ತುಂಬಿಸುವುದು. ತುಂಬಿಸಿ ಕೊಡ್ತಾರೆ ಮಕ್ಕಳು.

ತಾಂಡಾ_ದಾರಿ
ಎಲ್ಲರ ಮಾತು ಓದಿದೆ. ನನ್ನದೂ ಒಂದಿಷ್ಟು.

ನನ್ನದು ಯಾದಗಿರಿ ಕಡೆಯ ತಾಂಡಾ. ಮನೆಯಲ್ಲಿ ಮಾತಾಡುವುದು ಲಂಬಾಣಿ. ಶಾಲೆಯಲ್ಲಿ ಕನ್ನಡ "ಪ್ರಥಮ ಭಾಷೆ". ಅದು ಸರ್ಕಾರದ ಲೆಕ್ಕದಲ್ಲಿ ಪ್ರಥಮ, ನನಗಲ್ಲ. ವರ್ಷದಲ್ಲಿ ಅರ್ಧ ಅಪ್ಪ ಅಮ್ಮ ಕೆಲಸ ಹುಡುಕಿಕೊಂಡು ಪುಣೆ, ಮುಂಬೈ ಅಂತ ಹೋಗುತ್ತಿದ್ದರು. ನಾನು ಅಜ್ಜಿ ಹತ್ತಿರ ಇದ್ದೆ. ಹತ್ತನೇ ಕ್ಲಾಸಿಗೆ ಬಂದಾಗ ಓದಲು ಬರುತ್ತಿತ್ತು. ನನ್ನ ಮನಸ್ಸಿನಲ್ಲಿದ್ದದ್ದನ್ನು ಕನ್ನಡದಲ್ಲಿ ಹದಿನೈದು ಸಾಲು ಬರೆ ಅಂದರೆ ಕೈ ನಿಂತುಬಿಡುತ್ತಿತ್ತು.

ನಮ್ಮ ಸರ್ ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಪ್ರಬಂಧ ಬರೆದುಕೊಟ್ಟರು. ಅವರದೇ ಕೈಬರಹ. ಕುರಿ ಕಾಯುವಾಗ, ಬಸ್ಸಿಗೆ ಕಾಯುವಾಗ ಅದನ್ನೇ ಹೇಳಿಕೊಂಡೆ. ಪರೀಕ್ಷೆಯಲ್ಲಿ ಪರಿಸರ ಬಂತು. ಬರೆದೆ. ಪಾಸಾದೆ. ಐಟಿಐ ಮಾಡಿದೆ, ಈಗ ಒಂದು ಕಾರ್ಖಾನೆಯಲ್ಲಿ ಪರ್ಮನೆಂಟ್. ಇನ್ನೂ ಒಂದು ವಿಷಯ ಯಾರೂ ಹೇಳಲಿಲ್ಲ. ಆ ನಾಲ್ಕು ಪ್ರಬಂಧದಿಂದಲೇ ನನಗೆ ಕನ್ನಡ ವಾಕ್ಯ ಹೇಗೆ ನಿಲ್ಲುತ್ತದೆ ಅಂತ ತಿಳಿದಿದ್ದು. ಈಗ ಇಲ್ಲಿ ಇಷ್ಟುದ್ದ ಬರೆಯುತ್ತಿದ್ದೇನಲ್ಲ, ಅದರ ಬುಡ ಅಲ್ಲಿದೆ. ಬಾಯಿಪಾಠ ಅಂದರೆ ದಡ್ಡತನ ಅಂತ ಸುಮ್ನೆ ಹೇಳಬೇಡಿ.

ಹೇಮಾವತಿ_ದಂಡೆ
ತಾಂಡಾ ಅಣ್ಣ, ನಿಮ್ಮ ಮಾತು ಸರಿ. ನಾನು ದಡ್ಡತನ ಅನ್ನಲಿಲ್ಲ. ಬರೆಯಲು ಬರುವ ಮಗುವಿನ ಕೈ ಯಾಕೆ ಕಟ್ಟುತ್ತಾರೆ ಅನ್ನೋದಷ್ಟೇ ನನ್ನ ಪ್ರಶ್ನೆ.

ತಾಂಡಾ_ದಾರಿ
ಅದು ಬೇರೆ ಅಕ್ಕ. ಅದಕ್ಕೆ ನನ್ನ ವಿರೋಧ ಇಲ್ಲ.

ಅರೆಮಲೆನಾಡು
ಒಂದು ಸಣ್ಣ ತಿದ್ದುಪಡಿ. ಪಂಚಾಯಿತಿ ಗ್ರಂಥಾಲಯಕ್ಕೆ ಈಗ "ಅರಿವು ಕೇಂದ್ರ" ಅಂತ ಹೆಸರು. 2019ರಲ್ಲಿ ಗ್ರಂಥಾಲಯ ಇಲಾಖೆಯಿಂದ ಪಂಚಾಯತ್ ರಾಜ್ ಇಲಾಖೆಗೆ ಬಂದವು. ಕೋವಿಡ್ ಸಮಯದಲ್ಲಿ, 2020ರಲ್ಲಿ, "ಓದುವ ಬೆಳಕು" ಅಂತ ಮಕ್ಕಳಿಗೇ ಕಾರ್ಯಕ್ರಮ ಶುರುವಾಯಿತು. ಮಕ್ಕಳಿಗೆ ಉಚಿತ ಸದಸ್ಯತ್ವ. ನಮ್ಮ ಪಂಚಾಯಿತಿಯದು ಚೆನ್ನಾಗಿ ನಡೀತಿದೆ, ಚೆಸ್ ಬೋರ್ಡ್ ಕೂಡ ಇದೆ.

ಈ ವಿವರದಲ್ಲಿ ಎರಡು ಸಾಲು ಮಗಳ ಪ್ರಬಂಧದ ತಲೆಗೆ ಹಾಕಿದರೆ ಪೀಠಿಕೆ ಆಯ್ತಲ್ಲ?

ಕ್ಯಾತಸಂದ್ರ_ತಟ್ಟೆಇಡ್ಲಿ
ನಿಮ್ಮೂರು ಯಾವುದು ಸ್ವಾಮಿ, ನಾವೂ ಬರ್ತೀವಿ.

ಹತ್ತನೇ_ಬೆಂಚು
ಅಂಕಲ್ ಆಂಟಿಯರೇ, ನಾನೇ ಈ ವರ್ಷ ಎಸ್‌ಎಸ್‌ಎಲ್‌ಸಿ. ನಿಮಗೆ ಪಿಡಿಎಫ್ ಬಗ್ಗೆ ಗೊತ್ತಿರೋದು ಹಳೇ ಸುದ್ದಿ. ಈಗ ಎಲ್ಲ ಪ್ರಬಂಧಕ್ಕೂ ಹೊಂದೋ ಒಂದೇ ಪೀಠಿಕೆ ಓಡ್ತಿದೆ. "ಇಂದಿನ ಆಧುನಿಕ ಯುಗದಲ್ಲಿ ಮಾನವನ ಜೀವನದಲ್ಲಿ ಡ್ಯಾಶ್ ಮಹತ್ವದ ಪಾತ್ರ ವಹಿಸುತ್ತದೆ." ಡ್ಯಾಶ್ ಜಾಗಕ್ಕೆ ಪರಿಸರ ಹಾಕಿ, ಯೋಗ ಹಾಕಿ, ಮೊಬೈಲ್ ಹಾಕಿ, ಏನು ಬೇಕಾದರೂ. ಗಾದೆಗಂತೂ ಯೋಚನೆನೇ ಬೇಡ. "ಗಾದೆಗಳು ವೇದಗಳಿಗೆ ಸಮಾನ. ವೇದ ಸುಳ್ಳಾದರೂ ಗಾದೆ ಸುಳ್ಳಾಗದು." ಇಷ್ಟು ಬರೆದಾಗ ಗಾದೆ ಯಾವುದು ಅಂತ ಇನ್ನೂ ಓದಿರೋದೇ ಇಲ್ಲ.

ಬೆಳವಲದ_ಹುಡುಗ
ತಮ್ಮಾ, ಆ ವೇದ-ಗಾದೆ ಸಾಲು ನಾವೂ ಬರೆದೀವಿ, ನಮ್ಮಪ್ಪನೂ ಬರೆದಾನ. ನಿಮ್ಮದೇನು ಹೊಸಾದಲ್ಲ.

ಮಾವಿನಕೆರೆ_ಟೀಚರ್
ಡ್ಯಾಶ್ ವಿದ್ಯೆಯ ಫಲ ನಾನು ಕಣ್ಣಾರೆ ಕಂಡಿದ್ದೇನೆ. ಒಬ್ಬ ಹುಡುಗ ಗ್ರಂಥಾಲಯ ಬಾಯಿಪಾಠ ಮಾಡಿದ್ದ. ಪರೀಕ್ಷೆಗೆ ಬಂದದ್ದು ದಿನಪತ್ರಿಕೆಯ ಮಹತ್ವ. ಸುಮ್ಮನಿರಲಿಲ್ಲ. ಗ್ರಂಥಾಲಯ ಅಂತ ಇದ್ದಲ್ಲೆಲ್ಲ ದಿನಪತ್ರಿಕೆ ಅಂತ ಹಾಕುತ್ತಾ ಹೋದ. "ದಿನಪತ್ರಿಕೆಯಲ್ಲಿ ಲಕ್ಷಾಂತರ ಪುಸ್ತಕಗಳಿರುತ್ತವೆ. ದಿನಪತ್ರಿಕೆಯ ಒಳಗೆ ಗಲಾಟೆ ಮಾಡದೆ ಮೌನವಾಗಿ ಕುಳಿತುಕೊಳ್ಳಬೇಕು. ದಿನಪತ್ರಿಕೆಯನ್ನು ಸಮಯಕ್ಕೆ ಸರಿಯಾಗಿ ಹಿಂದಿರುಗಿಸಬೇಕು."

ಪುಟಾಣಿ_ಗಾಡಿ
ದಿನಪತ್ರಿಕೆಯ ಒಳಗೆ ಮೌನವಾಗಿ ಕೂರಬೇಕು 😂😂 ಸಂಪಾದಕರಿಗೆ ಹೇಳಿದ್ದಿರಬೇಕು.

ಸಕ್ಕರೆಬೈಲು
ಹಿಂದಿ ನೆನಪಾಯ್ತು. ತೃತೀಯ ಭಾಷೆ ಹಿಂದಿಯಲ್ಲಿ ಪ್ರಬಂಧಕ್ಕೆ ಸಂಕೇತ ಬಿಂದು ಅಂತ, ಅಂದರೆ ಯಾವ ಅಂಶ ಬರೀಬೇಕು ಅನ್ನೋ ಸುಳಿವು, ಕೊಟ್ಟಿರ್ತಾರೆ. ಸಮಯದ ಮಹತ್ವದ ಮೇಲೆ ನಾನು ಒಂದು ಪುಟ ಬರೆದಿದ್ದೆ. ಒಂದು ವಾಕ್ಯದ ಅರ್ಥವೂ ಗೊತ್ತಿರಲಿಲ್ಲ. ಇವತ್ತಿಗೂ ನಿದ್ದೆಗಣ್ಣಲ್ಲಿ ಎಬ್ಬಿಸಿದರೆ ಒಪ್ಪಿಸ್ತೀನಿ. ಆದರೆ ರೈಲಿನಲ್ಲಿ ಹಿಂದಿಯವರು ಟೈಮ್ ಎಷ್ಟಾಯ್ತು ಅಂದರೆ ಕೈಗಡಿಯಾರ ತೋರಿಸೋದೇ ಗತಿ.

ಕಾಪು_ಕಡಲು
ಹಿಂದಿ ಸುದ್ದಿ ತೆಗೀಬೇಡಿ, ಚರ್ಚೆ ಬೇರೆ ಕಡೆ ಓಡುತ್ತೆ.

ಜಾಗಟೆ
ತೆಗೆದೇಬಿಟ್ಟರು. ಮೂರನೇ ಭಾಷೆ ಬೇಕೋ ಬೇಡವೋ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಹಳೇ_ಮೇಷ್ಟ್ರು
ಅದಕ್ಕೆ ಬೇರೆ ಚರ್ಚೆ ಶುರು ಮಾಡಿ, ಇಲ್ಲಿ ಬೇಡ.

ಡಬ್ಲಿನ್_ಮಳೆ
ಇದು ನಮ್ಮಲ್ಲಿ ಮಾತ್ರ ಅಂದುಕೊಳ್ಳಬೇಡಿ. ನಾನಿರುವುದು ಐರ್ಲೆಂಡಿನಲ್ಲಿ. ಇಲ್ಲಿ ಶಾಲೆಯ ಕೊನೆಯ ಪರೀಕ್ಷೆ ಲೀವಿಂಗ್ ಸರ್ಟಿಫಿಕೇಟ್. ಇಂಗ್ಲಿಷ್ ಎರಡನೇ ಪತ್ರಿಕೆಯಲ್ಲಿ ಕವಿಗಳ ಮೇಲೆ ಪ್ರಬಂಧ ಬರೀಬೇಕು. ಕೋವಿಡ್‌ಗೆ ಮುಂಚಿನ ಪದ್ಧತಿ ಹೀಗಿತ್ತು: ಪಠ್ಯಕ್ಕೆ ಎಂಟು ಕವಿಗಳು, ಪ್ರಶ್ನೆಪತ್ರಿಕೆಯಲ್ಲಿ ನಾಲ್ವರು, ಬರೆಯುವುದು ಒಬ್ಬರ ಮೇಲೆ. ಲೆಕ್ಕ ಹಾಕಿ. ಐವರ ಮೇಲೆ ಪ್ರಬಂಧ ತಯಾರಿದ್ದರೆ ಒಬ್ಬರಾದರೂ ಸಿಕ್ಕೇ ಸಿಗುತ್ತಾರೆ. ಈ ಸಲ ಯಾವ ಕವಿ ಬರಬಹುದು ಅಂತ ಪತ್ರಿಕೆಗಳಲ್ಲೇ ಭವಿಷ್ಯ ಹೇಳುತ್ತಾರೆ. ಟ್ಯೂಷನ್‌ನವರು ನೋಟ್ಸ್ ಕೊಡುತ್ತಾರೆ, ಮಕ್ಕಳು ಒಬ್ಬರಿಗೊಬ್ಬರು ಹಂಚಿಕೊಳ್ಳುತ್ತಾರೆ. ನನ್ನ ಮಗ ಇದೆಲ್ಲ ಮಾಡುವಾಗ ನಾನೇನೂ ಹೇಳಲಿಲ್ಲ. ನನಗೆ ತುಮಕೂರಿನ ಟ್ಯೂಷನ್ನೇ ಕಣ್ಮುಂದೆ ಬಂತು.

ಕ್ಯಾತಸಂದ್ರ_ತಟ್ಟೆಇಡ್ಲಿ
ತುಮಕೂರಿನವರಾ? ಅಲ್ಲಿ ತಟ್ಟೆ ಇಡ್ಲಿ ಸಿಗುತ್ತಾ?

ಡಬ್ಲಿನ್_ಮಳೆ
ಸಿಗಲ್ಲ ಗುರು. ಅದೊಂದು ನೋವು.

ವೀಸಾ_ಕ್ಯೂ
ವಿದೇಶಕ್ಕೆ ಹೋಗೋರು ಬರೆಯೋ ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್‌ನಲ್ಲಿ ಈ ಆಟ ನಡೆಯಲ್ಲ. ಬಾಯಿಪಾಠದ ಉತ್ತರ ಅಂತ ಪರೀಕ್ಷಕರಿಗೆ ಗೊತ್ತಾದರೆ ಅಂಕ ಬೀಳಲ್ಲ. ಅವರ ಅಂಕದ ನಿಯಮದಲ್ಲೇ ಅದು ಬರೆದಿದೆ. ನಮ್ಮಲ್ಲಿ ಯಾಕೆ ಆ ಸಾಲು ಸೇರಿಸಲ್ಲ?

ಹಳೇ_ಮೇಷ್ಟ್ರು
ಸೇರಿಸಿದರೆ ಮೊದಲು ಫೇಲಾಗುವುದು ತಾಂಡಾ ದಾರಿಯವರಂಥ ಮಕ್ಕಳು. ಪೇಟೆಯ ಮಗು ಅದೇ ಪ್ರಬಂಧವನ್ನು ಸ್ವಲ್ಪ ಅಲ್ಲಿ ಇಲ್ಲಿ ಬದಲಾಯಿಸಿ ಪಾರಾಗುತ್ತದೆ.

ಜಾಗಟೆ
ನಾನು ಹೇಳೋದು ಬೇರೆ. ಬಾಯಿಪಾಠ ಜಾಸ್ತಿ ಆಗಿದ್ದೇ ಕ್ಯಾಮೆರಾ ಬಂದ ಮೇಲೆ. ಮುಂಚೆ ಚೀಟಿ ಇತ್ತು, ಗೋಡೆ ಹತ್ತುವ ಅಣ್ಣಂದಿರಿದ್ದರು. ವೆಬ್‌ಕಾಸ್ಟಿಂಗ್ ಬಂತು, ಚೀಟಿ ಹೋಯ್ತು. ಫಲಿತಾಂಶ 83ರಿಂದ 53ಕ್ಕೆ ಬಿತ್ತಲ್ಲ!

ಲೆಕ್ಕದ_ಶೆಟ್ರು
ಬಾಯಿಗೆ ಬಂದ ಅಂಕಿ ಹಾಕಬೇಡಿ. 2023ರಲ್ಲಿ ಶೇ 83.89. ವೆಬ್‌ಕಾಸ್ಟಿಂಗ್ ಬಂದ 2024ರಲ್ಲಿ ಪರೀಕ್ಷೆ-1ರ ಫಲಿತಾಂಶ ಶೇ 73.40. ಅದೂ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೆ. ಕೃಪಾಂಕ ಏರಿಸದಿದ್ದರೆ ಇನ್ನೂ ಕೆಳಗೆ ಹೋಗುತ್ತಿತ್ತು, ಅಷ್ಟು ಮಟ್ಟಿಗೆ ನಿಮ್ಮ ವಾದ ಸರಿ.

ಪ್ರಬಂಧ ಇಲ್ಲದ ಪರೀಕ್ಷೆಯೂ ನಡೆದಿದೆ, ಮರೆತಿರಾ? 2021ರ ಜುಲೈ. ಎರಡೇ ದಿನ. ಎಲ್ಲವೂ ಬಹು ಆಯ್ಕೆ ಪ್ರಶ್ನೆ, ಓಎಂಆರ್ ಹಾಳೆಯಲ್ಲಿ ಗುಂಡು ತುಂಬಿಸಿದರೆ ಮುಗೀತು. ಶೇ 99.9 ಪಾಸು. ಆ ಬ್ಯಾಚಿನ ಮಕ್ಕಳು ಎಸ್‌ಎಸ್‌ಎಲ್‌ಸಿಯಲ್ಲಿ ಒಂದು ವಾಕ್ಯವನ್ನೂ ಬರೆಯಲಿಲ್ಲ. ಬಾಯಿಪಾಠ ತೆಗೀಬೇಕು ಅನ್ನೋರು ಬದಲಿಗೆ ಏನು ಬರುತ್ತೆ ಅಂತಲೂ ಯೋಚಿಸಿ. ಬರುವುದು ಗುಂಡು.

ಗುಂಡು_ತುಂಬಿಸಿದವಳು
ಆ ಬ್ಯಾಚ್ ನಾನೇ. ಪಿಯುಸಿಗೆ ಹೋದ ಮೇಲೆ ಮೂರು ಗಂಟೆ ಕೂತು ಬರೆಯೋದಕ್ಕೆ ಬೆರಳು ನೋವು ಬರ್ತಿತ್ತು. ನಿಜ.

ಸಕ್ಕರೆಬೈಲು
ಪಿಡಿಎಫ್‌ಗಳ ಬಗ್ಗೆ ನನ್ನ ಮುಖ್ಯ ಸಿಟ್ಟು ಇನ್ನೊಂದಿದೆ. ಒಳಗಿರೋ ಮಾಹಿತಿ ಸುಳ್ಳು. ಅಬ್ದುಲ್ ಕಲಾಂ, ವಿವೇಕಾನಂದ, ಕುವೆಂಪು ಹೇಳಿದ್ದಾರೆ ಅಂತ ಯಾರ್ಯಾರದ್ದೋ ಮಾತು ಹಾಕಿರ್ತಾರೆ. ಒಂದು ಪಿಡಿಎಫ್‌ನಲ್ಲಿ ಕಲಾಂ ಹೆಸರಲ್ಲಿದ್ದ ಸಾಲು ಇನ್ನೊಂದರಲ್ಲಿ ವಿವೇಕಾನಂದರ ಹೆಸರಲ್ಲಿ. ಈಗ ಎಐ ಹತ್ತಿರ ಬರೆಸೋದು ಬೇರೆ ಶುರುವಾಗಿದೆ.

ನಾನು ತಮ್ಮನಿಗೆ ಮಾಡಿಸಿದ್ದು ಹೀಗೆ. ಪ್ರಬಂಧ ಕಲಿಸಲಿಲ್ಲ, ಒಂದೊಂದು ವಿಷಯಕ್ಕೆ ಮೂರು ನಾಲ್ಕು ಗಟ್ಟಿ ಸಂಗತಿ ಕಲಿಸಿದೆ. ಪರಿಸರಕ್ಕೆ: 1972ರ ಸ್ಟಾಕ್‌ಹೋಮ್ ಸಮ್ಮೇಳನ, ಅದರಿಂದ ಬಂದ ಜೂನ್ 5. ಸ್ವಚ್ಛ ಭಾರತಕ್ಕೆ: 2014ರ ಅಕ್ಟೋಬರ್ 2. ಗ್ರಂಥಾಲಯಕ್ಕೆ: ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್. ಆರ್. ರಂಗನಾಥನ್, ಅವರ ನೆನಪಿಗೆ ಆಚರಿಸೋ ಆಗಸ್ಟ್ 12ರ ಗ್ರಂಥಪಾಲಕರ ದಿನ, ನವೆಂಬರ್ 14ರಿಂದ 20 ರಾಷ್ಟ್ರೀಯ ಗ್ರಂಥಾಲಯ ಸಪ್ತಾಹ. ಒಂದು ಸಂಗತಿ ಪೀಠಿಕೆಗೆ, ಒಂದು ಕೊನೆಗೆ. ನಡುವೆ ಅವನೂರಿನ ಕಥೆ. ಮೌಲ್ಯಮಾಪಕರಿಗೆ ಬೇಕಾದ ಫಾರ್ಮೂ ತುಂಬಿತು, ಅವನ ಮಾತೂ ಉಳಿಯಿತು.

ಮಾವಿನಕೆರೆ_ಟೀಚರ್
ಇದನ್ನು ನಾನು ನಾಳೆಯೇ ಕ್ಲಾಸಿನಲ್ಲಿ ಬಳಸ್ತೀನಿ. ಕೃಪೆ: ಸಕ್ಕರೆಬೈಲು.

ಕಾಪು_ಕಡಲು
ಟೀಚರ್, ಬಳಸಿ. ಆದರೆ ನಾಳೆ ರಾತ್ರಿಯೊಳಗೆ ಅದೂ ಪಿಡಿಎಫ್ ಆಗಿ ಗ್ರೂಪಿಗೆ ಬರುತ್ತೆ ನೋಡಿ. ಬಂಡಲ್ ತುಂಬಾ ರಂಗನಾಥನ್.

ಹಳೇ_ಮೇಷ್ಟ್ರು
ಗೃಂಥಾಲಯಕ್ಕಿಂತ ರಂಗನಾಥನ್ ವಾಸಿ.

ಹೇಮಾವತಿ_ದಂಡೆ
ಮಗಳಿಗೆ ಇದನ್ನೆಲ್ಲ ಓದಿ ಹೇಳಿದೆ. ಗ್ರಂಥಾಲಯದ ಪ್ರಬಂಧಕ್ಕೆ ಮೇಲೆ ಓದುವ ಬೆಳಕಿನ ಎರಡು ಸಾಲು ಹಾಕಿಕೊಂಡಿದ್ದಾಳೆ. ಅಜ್ಜಂದಿರನ್ನೂ ಕುರ್ಚಿಯನ್ನೂ ಬಿಡಲ್ಲವಂತೆ. ಉಳಿದ ನಾಲ್ಕೈದು ವಿಷಯ ಮಾತ್ರ ಪಿಡಿಎಫ್ ನೋಡ್ಕೋತೀನಿ, ಎಲ್ಲದಕ್ಕೂ ಯೋಚನೆ ಮಾಡ್ತಾ ಕೂತರೆ ವಿಜ್ಞಾನ ಯಾರು ಓದ್ತಾರೆ ಅಂದಳು. ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಆದರೆ ಅವಳ ಲೆಕ್ಕ ಅವಳಿಗೆ.

ಲೆಕ್ಕದ_ಶೆಟ್ರು
ಬುದ್ಧಿವಂತೆ. ಈಗ ಒಂದಕ್ಕಿಂತ ಹೆಚ್ಚು ಪರೀಕ್ಷೆ ಬೇರೆ ಇವೆ, ಮೊದಲನೆಯದರಲ್ಲಿ ಕಡಿಮೆ ಬಂದರೆ ಮತ್ತೆ ಬರೆದು ಹೆಚ್ಚಿಸಿಕೊಳ್ಳಬಹುದು. ನಮ್ಮ ಕಾಲದ ಹಾಗೆ ಒಂದೇ ಸಲಕ್ಕೆ ಜಾತಕ ಬರೆಯುವುದಿಲ್ಲ.

ಹತ್ತನೇ_ಬೆಂಚು
ಯಾರಾದರೂ ಪತ್ರದ ಬಗ್ಗೆ ಹೇಳಿ. "ನಾನು ಇಲ್ಲಿ ಕ್ಷೇಮ, ನಿಮ್ಮ ಕ್ಷೇಮಕ್ಕೆ ಪತ್ರ ಬರೆಯಿರಿ" ಅಂತ ಮುಖ್ಯೋಪಾಧ್ಯಾಯರಿಗೆ ರಜೆ ಕೇಳೋ ಪತ್ರದಲ್ಲೂ ಬರೆದರೆ ಅಂಕ ಹೋಗುತ್ತಾ?

ಹಳೇ_ಮೇಷ್ಟ್ರು
ಹೋಗುತ್ತದೆ ಮಗು. ಅದು ಅಪ್ಪ ಅಮ್ಮ, ಗೆಳೆಯರಿಗೆ. ಮುಖ್ಯೋಪಾಧ್ಯಾಯರಿಗೆ "ಇಂದ", "ಗೆ", ಮಾನ್ಯರೇ, ವಿಷಯ. ಸುತ್ತುಬಳಸು ಬೇಡ.

ಮಾವಿನಕೆರೆ_ಟೀಚರ್
ಇನ್ನೊಂದು. ಬಾಯಿಪಾಠದ ಪತ್ರದಲ್ಲಿ ಯಾರದ್ದೋ ಹೆಸರಿರುತ್ತದೆ, ಇಲ್ಲವೇ ಮಕ್ಕಳು ತಮ್ಮ ಹೆಸರು, ತಮ್ಮ ಶಾಲೆ ಬರೆದುಬಿಡುತ್ತಾರೆ. ಎರಡೂ ತಪ್ಪು. ಪ್ರಶ್ನೆಯಲ್ಲಿ "ನಿಮ್ಮನ್ನು ಇಂಥ ಊರಿನ ಇಂಥವರು ಎಂದು ಭಾವಿಸಿಕೊಂಡು" ಅಂತ ಇರುತ್ತದಲ್ಲ, ಆ ಹೆಸರನ್ನೇ ಬರೆಯಬೇಕು. ಉತ್ತರ ಪತ್ರಿಕೆಯ ಒಳಗೆ ನಿಮ್ಮ ಗುರುತು ಎಲ್ಲೂ ಕಾಣಬಾರದು.

ಹತ್ತನೇ_ಬೆಂಚು
ಸಹಿ ಜಾಗದಲ್ಲೂ ಅದೇ ಹೆಸರಾ ಮಿಸ್?

ಮಾವಿನಕೆರೆ_ಟೀಚರ್
ಹೂಂ, ಅದೇ ಹೆಸರು. ಈಗ ಫೋನ್ ಇಟ್ಟು ಓದಿಕೋ ಹೋಗು.